ಗೌಹರ್ ಜಾನ್ ದನಿ ಹಿಡಿದಿಟ್ಟ ಫ್ರೆಡ್ ಗೈಸ್‌ಬರ್ಗ್

ಸೌಂಡ್ ಎಂಜಿನಿಯರ್ ಆಗಬಯಸುವವರಿಗೆ ಇಂದು ಕೋರ್ಸುಗಳಿವೆ, ಸುಸಜ್ಜಿತ ಸ್ಟುಡಿಯೊಗಳಿವೆ. ಈ ವೃತ್ತಿಗೆ ಹೆಸರೇ ಇಲ್ಲದಿದ್ದ ಕಾಲದಲ್ಲಿ ಅದನ್ನು ನೆಚ್ಚಿ ಜೀವನವಿಡೀ ದುಡಿದವರು ಫ್ರೆಡ್ ಗೈಸ್‌ಬರ್ಗ್. ಮೈಸೂರಿನಲ್ಲಿ ಕೊನೆಯುಸಿರೆಳೆದ ಗಾಯಕಿ ಗೌಹರ್ ಜಾನ್ ಅವರ ಕಂಠವನ್ನು ಮೊದಲ ಬಾರಿಗೆ ಗ್ರಾಮಾಫೋನ್ ತಟ್ಟೆಗೆ ಇಳಿಸಿದವರೂ ಅವರೇ.

ಪಿಯಾನೊದಿಂದ ಯಂತ್ರಕ್ಕೆ

ಗೈಸ್‌ಬರ್ಗ್ 1873ರ ಜನವರಿ 1ರಂದು ಅಮೆರಿಕದ ವಾಷಿಂಗ್ಟನ್‌ನಲ್ಲಿ ಜರ್ಮನ್ ಮೂಲದ ಕುಟುಂಬವೊಂದರಲ್ಲಿ ಜನಿಸಿದರು. ಬಾಲ್ಯದಲ್ಲೇ ಪಿಯಾನೊ ಕೈಹಿಡಿಯಿತು. ಹದಿಹರೆಯದಲ್ಲಿ ಕೊಲಂಬಿಯಾ ಫೋನೊಗ್ರಾಫ್ ಕಂಪನಿಯಲ್ಲಿ ಗಾಯಕರಿಗೆ ಪಿಯಾನೊ ಸಾಥ್ ನೀಡುವ ಕೆಲಸ ದೊರೆಯಿತು. ಆಗ ಮೇಣದ ಸುರುಳಿಗಳಿಗೆ ಪ್ರತಿ ತೆಗೆಯುವ ಸಮರ್ಪಕ ವಿಧಾನವಿರಲಿಲ್ಲ. ಹೀಗಾಗಿ ಒಂದೇ ಹಾಡನ್ನು ದಿನವಿಡೀ ಮತ್ತೆ ಮತ್ತೆ ಹಾಡಬೇಕಿತ್ತು.

ಚಪ್ಪಟೆ ತಟ್ಟೆಯ ಗ್ರಾಮಾಫೋನ್ ಕಂಡುಹಿಡಿದ ಎಮಿಲ್ ಬರ್ಲಿನರ್ ಅವರ ಪರಿಚಯ ಗೈಸ್‌ಬರ್ಗ್ ಬದುಕಿನ ದಿಕ್ಕು ಬದಲಿಸಿತು. ಒಂದು ಮೂಲ ತಟ್ಟೆಯಿಂದ ಸಾವಿರಾರು ಪ್ರತಿಗಳನ್ನು ಒತ್ತಬಹುದಾಗಿತ್ತು. ಬರ್ಲಿನರ್ ಬಳಿ ಗೈಸ್‌ಬರ್ಗ್ ಗಾಯಕರನ್ನು ಹುಡುಕಿ ತಂದರು, ಪಿಯಾನೊ ನುಡಿಸಿದರು, ಯಂತ್ರವನ್ನೂ ನಡೆಸಿದರು. 1898ರಲ್ಲಿ ಗ್ರಾಮಾಫೋನ್ ಕಂಪನಿಯ ಧ್ವನಿಮುದ್ರಣ ಆರಂಭಿಸಲು ಲಂಡನ್‌ಗೆ ತೆರಳಿದರು.

ಆಗ ಮೈಕ್ರೊಫೋನ್ ಬಳಕೆಗೆ ಬಂದಿರಲಿಲ್ಲ. ಗಾಯಕರು ಕಹಳೆಯಾಕಾರದ ಕೊಳವೆಯೊಳಗೆ ಹಾಡುತ್ತಿದ್ದರು. ದನಿಯ ಬಲದಿಂದ ತೆಳು ಪೊರೆ ಕಂಪಿಸಿ, ಅದಕ್ಕೆ ಜೋಡಿಸಿದ ಸೂಜಿ ತಿರುಗುವ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ತಾರಸ್ಥಾಯಿಗೆ ಏರಿದಾಗ ಗಾಯಕರನ್ನು ಹಿಂದಕ್ಕೆ ಸರಿಸಬೇಕು, ದನಿ ಇಳಿದಾಗ ಹತ್ತಿರಕ್ಕೆ ತರಬೇಕು. ತಪ್ಪಿದರೆ ತಿದ್ದಲು ದಾರಿಯಿಲ್ಲ. ಹೊಸ ಮೇಣದಲ್ಲಿ ಮೊದಲಿನಿಂದ ಹಾಡಿಸಬೇಕಿತ್ತು. ಯಂತ್ರಜ್ಞಾನದಷ್ಟೇ ಸಂಗೀತದ ಕಿವಿಯೂ, ಕಲಾವಿದರನ್ನು ಒಲಿಸುವ ಜಾಣ್ಮೆಯೂ ಈ ಕೆಲಸಕ್ಕೆ ಬೇಕಿತ್ತು.

1902ರ ಏಪ್ರಿಲ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ಯುವ ಗಾಯಕ ಎನ್ರಿಕೊ ಕರುಸೊ 10 ಹಾಡುಗಳಿಗೆ 100 ಪೌಂಡ್ ಕೇಳಿದರು. ಸಂಭಾವನೆ ದುಬಾರಿಯೆಂದು ಲಂಡನ್ ಕಚೇರಿ ತಡೆದರೂ ತಾವು ಮುಂದುವರಿದುದಾಗಿ ಗೈಸ್‌ಬರ್ಗ್ ಆತ್ಮಕಥನದಲ್ಲಿ ಬರೆದಿದ್ದಾರೆ. ಹೋಟೆಲ್ ಕೋಣೆಯಲ್ಲಿ ಮುದ್ರಣಗೊಂಡ ಆ ತಟ್ಟೆಗಳ ಯಶಸ್ಸು, ಗ್ರಾಮಾಫೋನ್ ಕೇವಲ ಆಟಿಕೆಯೆಂಬ ಭಾವನೆಯನ್ನು ಅಳಿಸಿತು.

ಕಲ್ಕತ್ತಾದ ತಟ್ಟೆಗಳು

ಅದೇ ವರ್ಷ ಅವರು ಪೂರ್ವ ದೇಶಗಳತ್ತ ಹಡಗು ಹತ್ತಿದರು. ನವೆಂಬರ್‌ನಲ್ಲಿ ಕಲ್ಕತ್ತಾದ ಹೋಟೆಲ್ ಕೋಣೆಯೇ ಸ್ಟುಡಿಯೊ ಆಯಿತು. ಭಾರತದ ನೆಲದಲ್ಲಿ ವಾಣಿಜ್ಯ ಉದ್ದೇಶದ ಮೊದಲ ತಟ್ಟೆಗಳು ಮುದ್ರಣಗೊಂಡವು. ಗೈಸ್‌ಬರ್ಗ್ ಹುಟ್ಟಿದ ವರ್ಷದಲ್ಲೇ ಜನಿಸಿದ್ದ ಗೌಹರ್ ಜಾನ್ ಆಗ ಖ್ಯಾತಿಯ ಉತ್ತುಂಗದಲ್ಲಿದ್ದರು. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಅಡಕಗೊಳಿಸಿ ಅವರು ಹಾಡಿದರು. ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನೂ ಹೇಳಿದರು. ಜರ್ಮನಿಯ ಹ್ಯಾನೋವರ್‌ನಲ್ಲಿ ತಟ್ಟೆ ಒತ್ತುವವರಿಗೆ ಗಾಯಕಿ ಯಾರೆಂದು ತಿಳಿಯಲು ಅದು ನೆರವಾಗುತ್ತಿತ್ತು.

ಗೈಸ್‌ಬರ್ಗ್‌ಗೆ ಭಾರತೀಯ ಸಂಗೀತದ ಪರಿಚಯವಿರಲಿಲ್ಲ. ಕಂಪನಿಗೆ ಬೇಕಿದ್ದುದು ಹೊಸ ಮಾರುಕಟ್ಟೆ. ಮೂರು ನಿಮಿಷದ ಮಿತಿಯಲ್ಲಿ ರಾಗದ ವಿಸ್ತಾರ ಕಳೆದುಹೋಯಿತು. ಆದರೆ ಕಂಠ ಉಳಿಯಿತು. ಆ ಪೀಳಿಗೆಯ ಎಷ್ಟೋ ಕಲಾವಿದರ ಗಾಯನವನ್ನು ಇಂದು ಕೇಳಿದವರ ವರ್ಣನೆಯಿಂದಷ್ಟೇ ತಿಳಿಯಬೇಕಾಗಿದೆ.

ಯುದ್ಧದ ನೆರಳಲ್ಲಿ

ಇದೇ ವೃತ್ತಿ ಹಿಡಿದಿದ್ದ ಸೋದರ ವಿಲ್ 1918ರ ಅಕ್ಟೋಬರ್‌ನಲ್ಲಿ ಫ್ರಾನ್ಸ್‌ನ ಯುದ್ಧಭೂಮಿಗೆ ಫಿರಂಗಿಗಳ ಸದ್ದು ಮುದ್ರಿಸಲು ಹೋದರು. ಮರಳಿದ ಕೆಲವೇ ವಾರಗಳಲ್ಲಿ ಇನ್‌ಫ್ಲುಯೆಂಜಾಕ್ಕೆ ಬಲಿಯಾದರು. ಗೈಸ್‌ಬರ್ಗ್ ಕೆಲಸ ಬಿಡಲಿಲ್ಲ.

1925ರಲ್ಲಿ ಮೈಕ್ರೊಫೋನ್ ಬಂದಾಗ ಕಹಳೆಯ ಕಾಲ ಮುಗಿಯಿತು. ಯಂತ್ರಗಳನ್ನು ಹೊಸ ಪರಿಣತರಿಗೆ ಬಿಟ್ಟು, ಗೈಸ್‌ಬರ್ಗ್ ಕಲಾವಿದರನ್ನು ಮತ್ತು ಕೃತಿಗಳನ್ನು ಆರಿಸುವ ಹೊಣೆಗೆ ಒತ್ತು ನೀಡಿದರು. 1932ರಲ್ಲಿ ಹದಿಹರೆಯದ ಯಹೂದಿ ಮೆನುಹಿನ್ ಅವರಿಂದ ಎಲ್ಗರ್ ಅವರ ಪಿಟೀಲು ಕಾನ್ಸರ್ಟೊ ನುಡಿಸಿದರು. ವಾದ್ಯವೃಂದವನ್ನು ವೃದ್ಧ ಎಲ್ಗರ್ ಅವರೇ ನಿರ್ದೇಶಿಸಿದರು.

1938ರ ಜನವರಿ 16ರಂದು ವಿಯೆನ್ನಾದಲ್ಲಿ ಬ್ರೂನೊ ವಾಲ್ಟರ್ ನಿರ್ದೇಶನದಲ್ಲಿ ಮಾಲರ್ ಅವರ ಒಂಬತ್ತನೇ ಸಿಂಫೊನಿಯ ಕಛೇರಿ ನಡೆಯಿತು. ಗೈಸ್‌ಬರ್ಗ್ ಅದನ್ನು ಸಭಿಕರ ಸಮ್ಮುಖದಲ್ಲೇ ಮುದ್ರಿಸಿದರು. ಎರಡೇ ತಿಂಗಳಲ್ಲಿ ಆಸ್ಟ್ರಿಯಾ ಹಿಟ್ಲರನ ವಶವಾಯಿತು. ಯೆಹೂದ್ಯ ಮೂಲದ ವಾಲ್ಟರ್ ಆ ನಗರಕ್ಕೆ ಮರಳುವಂತಿರಲಿಲ್ಲ, ಯೆಹೂದ್ಯ ಮೂಲದವರೇ ಆದ ಮಾಲರ್ ಸಂಗೀತಕ್ಕೂ ನಿಷೇಧ ಬಿತ್ತು.

1939ರಲ್ಲಿ ನಿವೃತ್ತರಾದ ಗೈಸ್‌ಬರ್ಗ್ 1951ರ ಸೆಪ್ಟೆಂಬರ್ 2ರಂದು ಲಂಡನ್‌ನಲ್ಲಿ ನಿಧನರಾದರು. ಅದಕ್ಕೂ ಮೊದಲೇ, 1930ರ ಜನವರಿ 17ರಂದು, ಗೌಹರ್ ಜಾನ್ ಮೈಸೂರಿನಲ್ಲಿ ತೀರಿಕೊಂಡಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಆಹ್ವಾನದ ಮೇರೆಗೆ 1928ರಲ್ಲಿ ಆಸ್ಥಾನ ಗಾಯಕಿಯಾಗಿ ಬಂದಿದ್ದ ಅವರು ಇಲ್ಲಿ ಕಳೆದದ್ದು ಎರಡು ವರ್ಷಕ್ಕೂ ಕಡಿಮೆ. ಕಲ್ಕತ್ತಾದ ಹೋಟೆಲ್ ಕೋಣೆಯಲ್ಲಿ ಮುದ್ರಿತವಾದ ಅವರ ದನಿಯನ್ನು ಇಂದಿಗೂ ಕೇಳಬಹುದು.