ಗಣಿತಶಾಸ್ತ್ರಜ್ಞ ಶ್ರೀನಿವಾಸ ರಾಮಾನುಜನ್

ಪರೀಕ್ಷೆಯಲ್ಲಿ ಅನುತ್ತೀರ್ಣರಾದವರೆಲ್ಲರೂ ದಡ್ಡರಲ್ಲ. ತಪ್ಪನ್ನು ಅರಿತು ತಿದ್ದಿಕೊಳ್ಳುವವನಿಗೆ ಸೋಲೂ ಗುರುವಾಗುತ್ತದೆ. ಈ ಮಾತಿಗೆ ಶ್ರೀನಿವಾಸ ರಾಮಾನುಜನ್ನರ ಜೀವನವೇ ನಿದರ್ಶನ.

ರಾಮಾನುಜನ್ನರು 1887ನೆಯ ಇಸವಿ ಡಿಸೆಂಬರ್ 22ರಂದು ಈರೋಡಿನಲ್ಲಿ ಜನಿಸಿ, ಕುಂಭಕೋಣದಲ್ಲಿ ಬೆಳೆದರು. ತಂದೆಯವರು ಬಟ್ಟೆಯ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. 1904ರಲ್ಲಿ ರಾಮಾನುಜನ್ನರು ವಿದ್ಯಾರ್ಥಿವೇತನವನ್ನು ಪಡೆದು ಕುಂಭಕೋಣದ ಸರಕಾರಿ ಕಾಲೇಜನ್ನು ಸೇರಿದರು. ಆದರೆ ಗಣಿತದ ಮೋಹದಲ್ಲಿ ಇತರ ವಿಷಯಗಳನ್ನು ಅಲಕ್ಷಿಸಿದುದರಿಂದ ಆ ವೇತನವು ತಪ್ಪಿಹೋಯಿತು. ತರುವಾಯ ಮದರಾಸಿನ ಪಚ್ಚಯ್ಯಪ್ಪ ಕಾಲೇಜನ್ನು ಸೇರಿದರು. ಎರಡು ಬಾರಿ ಕುಳಿತರೂ ಎಫ್.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಪದವಿಯಿಲ್ಲದವರಿಗೆ ಉದ್ಯೋಗವಾದರೂ ಎಲ್ಲಿಯದು? ಬಡತನದಲ್ಲಿ ಕಾಗದವೂ ದುಬಾರಿಯಾಗಿತ್ತು. ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಫಲಿತಾಂಶವನ್ನು ಮಾತ್ರ ಪುಸ್ತಕದಲ್ಲಿ ಬರೆದಿಡುತ್ತಿದ್ದರು.

ಈ ಅಭ್ಯಾಸವು ಮುಂದೆ ತೊಡಕಾಯಿತು. ಅವರು ಕಂಡುಕೊಂಡ ದಾರಿ ಇತರರಿಗೆ ತಿಳಿಯುವಂತಿರಲಿಲ್ಲ. ಭಾರತೀಯ ಗಣಿತ ಸಂಘದ ಪತ್ರಿಕೆಗೆ ಲೇಖನವನ್ನು ಕಳುಹಿದಾಗ, ಸಂಪಾದಕರಾಗಿದ್ದ ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಎಂ. ಟಿ. ನಾರಾಯಣ ಅಯ್ಯಂಗಾರರು ಸ್ಪಷ್ಟತೆ ಸಾಲದೆಂದು ಅದನ್ನು ಮತ್ತೆ ಮತ್ತೆ ಹಿಂದಿರುಗಿಸಿದರು. ರಾಮಾನುಜನ್ನರು ಮುನಿಯಲಿಲ್ಲ, ಪ್ರತಿ ಸಲವೂ ತಿದ್ದಿ ಬರೆದರು. 1911ರಲ್ಲಿ ಲೇಖನವು ಅಚ್ಚಾಯಿತು.

1912ರಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಗಳ ಗುಮಾಸ್ತಗಿರಿ ದೊರೆಯಿತು. ಇಂಗ್ಲೆಂಡಿನ ವಿದ್ವಾಂಸರಿಗೆ ಪತ್ರಗಳನ್ನು ಬರೆದರು. ಇಬ್ಬರಿಂದ ನೆರವು ಬರಲಿಲ್ಲ. 1913ರ ಜನವರಿಯಲ್ಲಿ ಕೇಂಬ್ರಿಜ್ಜಿನ ಹಾರ್ಡಿಯವರಿಗೆ ಬರೆದ ಪತ್ರವು ಫಲಿಸಿತು. ಪತ್ರದಲ್ಲಿದ್ದ ಸೂತ್ರಗಳನ್ನು ಕಂಡು ಹಾರ್ಡಿಯವರು ಬೆರಗಾದರು. ಆದರೆ ಅವಿಭಾಜ್ಯ ಸಂಖ್ಯೆಗಳನ್ನು ಕುರಿತ ಕೆಲವು ನಿರ್ಣಯಗಳು ತಪ್ಪಾಗಿದ್ದುವು. 1914ರಲ್ಲಿ ಕೇಂಬ್ರಿಜ್ಜಿಗೆ ಹೋದ ರಾಮಾನುಜನ್ನರು, ಸೂತ್ರವನ್ನು ಕಾಣುವುದಷ್ಟೇ ಸಾಲದು, ಅದನ್ನು ಹಂತಹಂತವಾಗಿ ಸಾಧಿಸಿ ತೋರಿಸಬೇಕೆಂಬುದನ್ನು ಮತ್ತೆ ವಿದ್ಯಾರ್ಥಿಯಾಗಿ ಕಲಿತರು. ಎಫ್.ಎ. ದಾಟದವರಿಗೆ 1916ರಲ್ಲಿ ಸಂಶೋಧನೆಗಾಗಿ ಕೇಂಬ್ರಿಜ್ಜಿನ ಪದವಿಯು ಲಭಿಸಿತು. 1918ರಲ್ಲಿ ರಾಯಲ್ ಸೊಸೈಟಿಯು ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿತು.

ಅನಾರೋಗ್ಯದಿಂದ ಸ್ವದೇಶಕ್ಕೆ ಮರಳಿದ ಅವರು, 1920ರ ಏಪ್ರಿಲ್ 26ರಂದು ಮದರಾಸಿನಲ್ಲಿ ತಮ್ಮ 32ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹಾಸಿಗೆ ಹಿಡಿದಾಗಲೂ ಗಣಿತವನ್ನು ಬಿಟ್ಟಿರಲಿಲ್ಲ.

ವಿದ್ಯಾರ್ಥಿ ಮಿತ್ರರೇ, ರಾಮಾನುಜನ್ನರ ಪ್ರತಿಭೆ ಎಲ್ಲರಿಗೂ ದೊರೆಯದು. ಇತರ ಪಾಠಗಳನ್ನು ಕಡೆಗಣಿಸಿ ಅವರು ಪಟ್ಟ ಕಷ್ಟವು ನಮಗೆ ಬೇಡ. ಆದರೆ ಹಿಂದಿರುಗಿ ಬಂದ ಲೇಖನವನ್ನು ಮತ್ತೆ ಬರೆದ ಅವರ ತಾಳ್ಮೆಯನ್ನು ನಾವೆಲ್ಲರೂ ಕಲಿಯಬಹುದು. ನಮ್ಮ ಉತ್ತರಪತ್ರಿಕೆಯಲ್ಲಿ ಕೆಂಪು ಮಸಿಯ ಗುರುತು ಕಂಡಾಗ ಅದನ್ನು ಮಡಿಚಿಡದೆ, ತಪ್ಪಿದ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡೋಣ.