ಲಕ್ಷ್ಮಣರಾವ್ ಕಿರ್ಲೋಸ್ಕರ್

ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ (20 ಜೂನ್ 1869 – 26 ಸೆಪ್ಟೆಂಬರ್ 1956) ಭಾರತದ ಉದ್ಯಮಿ ಹಾಗೂ ಕಿರ್ಲೋಸ್ಕರ್ ಉದ್ಯಮ ಸಮೂಹದ ಸಂಸ್ಥಾಪಕರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ವ್ಯಾಪಾರವನ್ನು ಆರಂಭಿಸಿದ ಇವರು ಮೇವು ಕತ್ತರಿಸುವ ಯಂತ್ರ ಹಾಗೂ ಕಬ್ಬಿಣದ ನೇಗಿಲುಗಳನ್ನು ಅದೇ ಊರಿನಲ್ಲಿ ತಯಾರಿಸಿದರು. 1910ರಲ್ಲಿ ಬೆಳಗಾವಿಯನ್ನು ತೊರೆಯಬೇಕಾಗಿ ಬಂದಾಗ ಔಂಧ ಸಂಸ್ಥಾನದ ಬಂಜರು ಭೂಮಿಯಲ್ಲಿ ಕಿರ್ಲೋಸ್ಕರ್‌ವಾಡಿ ಎಂಬ ಕೈಗಾರಿಕಾ ಗ್ರಾಮವನ್ನು ಕಟ್ಟಿದರು.

ಬಾಲ್ಯ ಮತ್ತು ಶಿಕ್ಷಣ

ಲಕ್ಷ್ಮಣರಾವ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಸವದತ್ತಿ ಬಳಿಯ ಗುರ್ಲಹೊಸೂರಿನಲ್ಲಿ. ಕೊಂಕಣ ಮೂಲದ ಮರಾಠಿ ಮನೆಮಾತಿನ ಈ ಕುಟುಂಬ ಕನ್ನಡ ನಾಡಿನಲ್ಲಿ ನೆಲೆಸಿತ್ತು. ಮರಾಠಿ ಸಂಗೀತ ನಾಟಕದ ಪ್ರವರ್ತಕ ಅಣ್ಣಾಸಾಹೇಬ ಕಿರ್ಲೋಸ್ಕರ್ ಅವರು ಹುಟ್ಟಿದ್ದೂ ಇದೇ ಊರಿನಲ್ಲಿ. ತಂದೆ ಕಾಶಿನಾಥಪಂತರು ವೇದಾಂತದಲ್ಲಿ ಆಸಕ್ತರು. ಮಗನ ಒಲವು ಮಾತ್ರ ಚಿತ್ರಕಲೆ ಮತ್ತು ಯಂತ್ರಗಳ ಕಡೆಗಿತ್ತು. ತಂದೆಗೆ ಇದು ಒಪ್ಪಿಗೆಯಾಗಿರಲಿಲ್ಲ. ಹಿರಿಯ ಸಹೋದರ ರಾಮಣ್ಣನವರ ಬೆಂಬಲದಿಂದ ಲಕ್ಷ್ಮಣರಾವ್ 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು.

ಕೆಲವು ಬಣ್ಣಗಳನ್ನು ಗುರುತಿಸಲು ತಮ್ಮ ಕಣ್ಣಿಗೆ ಆಗದೆಂಬುದು ಅಲ್ಲಿ ಅವರಿಗೆ ತಿಳಿಯಿತು. ವರ್ಣಚಿತ್ರವನ್ನು ಕೈಬಿಟ್ಟು, ಬಣ್ಣದ ಅಗತ್ಯವಿಲ್ಲದ ಯಂತ್ರಚಿತ್ರಣವನ್ನು ಕಲಿತರು. ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯದ ಅಧ್ಯಾಪಕರೂ ಆದರು. ಚಿತ್ರವನ್ನು ನೋಡಿ ಯಂತ್ರವನ್ನು ಕಲ್ಪಿಸಿಕೊಳ್ಳುವ, ಯಂತ್ರವನ್ನು ನೋಡಿ ಚಿತ್ರ ಬರೆಯುವ ಈ ಅಭ್ಯಾಸವೇ ಮುಂದೆ ಅವರ ಬಂಡವಾಳವಾಯಿತು. ಕೈಯಲ್ಲಿ ಹಣವಿಲ್ಲದ ಕಾಲದಲ್ಲಿ ಬೇರೆ ಬಂಡವಾಳವೂ ಇರಲಿಲ್ಲ.

ಬೆಳಗಾವಿಯ ಸೈಕಲ್ ಅಂಗಡಿ

ಸೈಕಲ್ ಆಗ ಭಾರತದಲ್ಲಿ ಹೊಸ ವಸ್ತು. ಲಕ್ಷ್ಮಣರಾವ್ ಮುಂಬಯಿಯಲ್ಲಿದ್ದುಕೊಂಡು ಸೈಕಲ್‌ಗಳನ್ನು ಖರೀದಿಸಿ ಬೆಳಗಾವಿಗೆ ಕಳುಹಿಸುತ್ತಿದ್ದರು, ರಾಮಣ್ಣನವರು ಅವುಗಳನ್ನು ಮಾರುತ್ತಿದ್ದರು. ಕೊಂಡವರಿಗೆ ಸವಾರಿ ಬಾರದಿದ್ದರೆ ಕಲಿಸಿಕೊಡುವ ವ್ಯವಸ್ಥೆಯೂ ಇತ್ತು. ಅದಕ್ಕೆ 15 ರೂಪಾಯಿ ಶುಲ್ಕ. 1888ರಲ್ಲಿ ಆರಂಭವಾದ ಈ ವ್ಯಾಪಾರವನ್ನೇ ಕಿರ್ಲೋಸ್ಕರ್ ಸಂಸ್ಥೆಗಳು ತಮ್ಮ ಸ್ಥಾಪನೆಯ ವರ್ಷವೆಂದು ಪರಿಗಣಿಸುತ್ತವೆ. ಅದೇ ದಶಕದ ಕೊನೆಯ ಹೊತ್ತಿಗೆ ಬೆಳಗಾವಿಗೆ ರೈಲು ಬಂದಿತ್ತು. ಪುಣೆ, ಮಿರಜ್, ಬೆಳಗಾವಿ, ಖಾನಾಪುರ, ಲೋಂಡಾಗಳನ್ನು ಜೋಡಿಸುವ ಈ ಹಳಿ ಲೋಂಡಾದಲ್ಲಿ ಗೋವೆಯ ಮರ್ಮಗೋವಾ ಬಂದರಿನ ಮಾರ್ಗವನ್ನು ಕೂಡುತ್ತದೆ. ಒಳನಾಡಿನ ಊರಿನಲ್ಲಿ ಕುಳಿತು ಯಂತ್ರಗಳ ವ್ಯಾಪಾರ ಮಾಡಬಹುದೆಂಬ ಯೋಚನೆಗೆ ಈ ಸಂಪರ್ಕ ಅನುಕೂಲವಾಗಿತ್ತು.

ಮುಂಬಯಿಯ ಸಂಸ್ಥೆಯಲ್ಲಿ ತಮಗೆ ಸಲ್ಲಬೇಕಿದ್ದ ಬಡ್ತಿ ಆಂಗ್ಲೋ-ಇಂಡಿಯನ್ ವ್ಯಕ್ತಿಯೊಬ್ಬರಿಗೆ ಸಂದಾಗ ಲಕ್ಷ್ಮಣರಾವ್ ನೌಕರಿಯನ್ನು ಬಿಟ್ಟು ಬೆಳಗಾವಿಗೆ ಮರಳಿದರು. ಇಂದು ನಗರದಲ್ಲಿ ಕಿರ್ಲೋಸ್ಕರ್ ರಸ್ತೆ ಎಂಬ ಹೆಸರು ಉಳಿದಿರುವುದು ಈ ಕಾಲದ ನೆನಪಾಗಿ.

ಕಬ್ಬಿಣದ ನೇಗಿಲು

ಸಹೋದರರು ಸಣ್ಣ ಕಾರ್ಖಾನೆಯಲ್ಲಿ ಮೊದಲು ಕೈಗೆತ್ತಿಕೊಂಡ ಮುಖ್ಯ ವಸ್ತು ಮೇವು ಕತ್ತರಿಸುವ ಯಂತ್ರ. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನಗಳು ಎಲೆಯನ್ನು ತಿಂದು ಗಟ್ಟಿ ದಂಟನ್ನು ಬಿಡುತ್ತವೆ; ಸಣ್ಣಗೆ ಕತ್ತರಿಸಿದರೆ ದಂಟೂ ಮೇವಾಗುತ್ತದೆ. 1896–97 ಮತ್ತು 1899–1900ರ ಬರಗಾಲಗಳನ್ನು ಕಂಡ ಮುಂಬಯಿ ಪ್ರಾಂತದ ರೈತರಿಗೆ ಮೇವಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಯಂತ್ರಕ್ಕೆ ಗಿರಾಕಿಗಳು ದೊರೆತರು.

ನೇಗಿಲಿನ ಕಥೆ ಬೇರೆ. ಬೆಳಗಾವಿ ಜಿಲ್ಲೆಯ ಮಣ್ಣು ಒಂದೇ ಬಗೆಯದಲ್ಲ. ಪಶ್ಚಿಮಕ್ಕೆ ಖಾನಾಪುರದ ಕಡೆ ಮಳೆ ಹೆಚ್ಚು, ಭತ್ತದ ಗದ್ದೆಗಳು; ನೆನೆದ ಮಣ್ಣನ್ನು ಕೆಸರು ಮಾಡಲು ಹಗುರವಾದ ಮರದ ನೇಗಿಲು ಸಾಕಾಗುತ್ತದೆ. ಲಕ್ಷ್ಮಣರಾವ್ ಹುಟ್ಟಿದ ಪೂರ್ವದ ಎರೆಭೂಮಿಯಲ್ಲಿ ಹಾಗಲ್ಲ. ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಬಿರುಕು ಬಿಡುವ ಆ ನೆಲದಲ್ಲಿ ಕರಿಕೆಯಂತಹ ಹುಲ್ಲುಗಳು ಆಳಕ್ಕೆ ಬೇರು ಬಿಡುತ್ತವೆ. ಮರದ ನೇಗಿಲು ಮಣ್ಣನ್ನು ಸೀಳುತ್ತದೆಯೇ ಹೊರತು ಮಗುಚುವುದಿಲ್ಲ. ಬಾಗಿದ ಕಬ್ಬಿಣದ ರೆಕ್ಕೆಯುಳ್ಳ ನೇಗಿಲು ಆಳದ ಹೆಂಟೆಯನ್ನು ಎತ್ತಿ ಪಕ್ಕಕ್ಕೆ ಹೊರಳಿಸುತ್ತದೆ. ಕಳೆಯ ಬೇರು ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ. ಇಂತಹ ನೇಗಿಲುಗಳು ಆಗ ವಿದೇಶದಿಂದ ಬರುತ್ತಿದ್ದವು. ಅವುಗಳನ್ನು ಮಾದರಿಯಾಗಿಟ್ಟುಕೊಂಡು, ಎರಕದ ವಿದ್ಯೆಯನ್ನು ಬಹುಮಟ್ಟಿಗೆ ಪುಸ್ತಕಗಳಿಂದಲೇ ಕಲಿತು, 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಲಕ್ಷ್ಮಣರಾವ್ ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲನ್ನು ತಯಾರಿಸಿದರು.

ತಯಾರಾದ ನೇಗಿಲನ್ನು ಕೊಳ್ಳುವವರಿರಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ, ಬೆಳೆ ಕೆಡುತ್ತದೆ ಎಂಬ ನಂಬಿಕೆ ರೈತರಲ್ಲಿತ್ತು. ಮೊದಲ ನೇಗಿಲು ಮಾರಾಟವಾಗಲು 2 ವರ್ಷ ಹಿಡಿಯಿತು. ರೈತರ ಹಿಂಜರಿಕೆಯನ್ನು ಕೇವಲ ಮೂಢನಂಬಿಕೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮರದ ನೇಗಿಲನ್ನು ಊರಿನ ಬಡಿಗನೇ ಮಾಡುತ್ತಿದ್ದನು. ಸವೆದ ಕುಳವನ್ನು ಕಮ್ಮಾರನು ಕಾಯಿಸಿ ಬಡಿದು ಹರಿತ ಮಾಡುತ್ತಿದ್ದನು. ಇಬ್ಬರಿಗೂ ಸುಗ್ಗಿಯಲ್ಲಿ ಆಯದ ಕಾಳು ಸಲ್ಲುತ್ತಿತ್ತು. ಕಾರ್ಖಾನೆಯ ನೇಗಿಲಿಗೆ ನಗದು ಹಣ ಬೇಕು. ಎರಕದ ಕಬ್ಬಿಣ ಬಡಿದರೆ ಒಡೆಯುವುದರಿಂದ ಊರಿನ ಕಮ್ಮಾರನು ಅದನ್ನು ದುರಸ್ತಿ ಮಾಡಲಾರ. ಮುಂಗಾರಿನ ಹೊತ್ತಿನಲ್ಲಿ ಕುಳ ಮುರಿದರೆ ಹೊಸದನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಮೊದಲು ಉತ್ತರ ಬೇಕಿತ್ತು. ಬಿಚ್ಚಿ ಬೇರೆ ಜೋಡಿಸಬಹುದಾದ, ಒಂದಕ್ಕೊಂದು ತಪ್ಪದೆ ಹೊಂದುವ ಬಿಡಿಭಾಗಗಳು ಸುಲಭವಾಗಿ ಸಿಗುವವರೆಗೆ ಇಂತಹ ನೇಗಿಲು ಎಷ್ಟೇ ಚೆನ್ನಾಗಿ ಉತ್ತರೂ ಹಳ್ಳಿಯಲ್ಲಿ ನಿಲ್ಲುವಂತಿರಲಿಲ್ಲ.

ಬೆಳಗಾವಿಯಿಂದ ನಿರ್ಗಮನ

ಮಾರಾಟ ಕುದುರುತ್ತಿದ್ದ ಹೊತ್ತಿನಲ್ಲೇ ಕಾರ್ಖಾನೆಯ ನೆಲ ಕೈತಪ್ಪಿತು. ನಗರದ ವಿಸ್ತರಣೆಗಾಗಿ ಪುರಸಭೆಗೆ ಆ ಜಾಗ ಬೇಕಾಗಿತ್ತು. 1910ರ ಜನವರಿಯಲ್ಲಿ ಲಕ್ಷ್ಮಣರಾವ್ ಅವರು ಕಾರ್ಖಾನೆಯನ್ನು ಬೇರೆಡೆಗೆ ಒಯ್ಯಲೇಬೇಕಾಯಿತು. ಹೊಸ ಜಾಗ ಕೊಳ್ಳಲು ಹಣವಿರಲಿಲ್ಲ.

ಔಂಧದಲ್ಲಿ ಕಟ್ಟಡವೊಂದರ ಕೆಲಸವನ್ನು ವಹಿಸಿಕೊಂಡಿದ್ದರಿಂದ ಅಲ್ಲಿನ ರಾಜ ಭವಾನರಾವ್ ಪಂತ ಪ್ರತಿನಿಧಿ ಅವರ ಪರಿಚಯವಾಗಿತ್ತು. ರಾಜರು ಸ್ವತಃ ಚಿತ್ರಕಾರರು. ಅವರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಭೂಮಿಯನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಭೂಮಿ ಎಂದರೆ ಪಾಪಾಸುಕಳ್ಳಿ ಬೆಳೆದ, ಹಾವುಗಳಿಂದ ತುಂಬಿದ, ನೀರಿಲ್ಲದ ಬಯಲು. ಅದಕ್ಕಿದ್ದ ಒಂದೇ ಅನುಕೂಲವೆಂದರೆ ಬೆಳಗಾವಿಯಿಂದ ಬರುವ ಅದೇ ರೈಲುಹಳಿ.

ಕಿರ್ಲೋಸ್ಕರ್‌ವಾಡಿ

1910ರ ಮಾರ್ಚ್ 10ರಂದು ಹೊಸ ನೆಲೆ ಆರಂಭವಾಯಿತು. ಸುಮಾರು 25 ಕೆಲಸಗಾರರು ಮತ್ತು ಅವರ ಕುಟುಂಬಗಳು ಲಕ್ಷ್ಮಣರಾವ್ ಅವರೊಂದಿಗೆ ಹೊರಟು ಬಂದರು. ಕಳ್ಳಿಯನ್ನು ಕಡಿದು ಗುಡಿಸಲು ಹಾಕುವುದೇ ಮೊದಲ ಕೆಲಸವಾಯಿತು. ಶಂಭುರಾವ್ ಜಾಂಭೇಕರ್ ಯಂತ್ರಗಳ ಹೊಣೆಯನ್ನೂ ಮಂಗೇಶರಾವ್ ರೇಗೆ ಲೆಕ್ಕಪತ್ರದ ಹೊಣೆಯನ್ನೂ ಹೊತ್ತರು. ರಾಮಣ್ಣನವರು ಊರಿನ ವ್ಯವಸ್ಥೆಯನ್ನು ನೋಡಿಕೊಂಡರು. ಲಕ್ಷ್ಮಣರಾವ್ ಇಲ್ಲಿ ಅಸ್ಪೃಶ್ಯತೆಯನ್ನು ನಿಷೇಧಿಸಿದರು. ಸೆರೆವಾಸ ಮುಗಿಸಿ ಬಂದವರನ್ನು ರಾತ್ರಿ ಕಾವಲಿಗೆ ನೇಮಿಸಿದ್ದು ಆ ಕಾಲಕ್ಕೆ ಧೈರ್ಯದ ನಿರ್ಧಾರವೇ ಸರಿ.

ಮೊದಲನೆಯ ಮಹಾಯುದ್ಧದಲ್ಲಿ ವಿದೇಶಿ ನೇಗಿಲುಗಳ ಆಮದು ಕುಗ್ಗಿ ಕಿರ್ಲೋಸ್ಕರ್ ನೇಗಿಲಿಗೆ ಬೇಡಿಕೆ ಏರಿತು. ಆದರೆ ಅದೇ ಯುದ್ಧದಿಂದ ಕಬ್ಬಿಣ, ಕಲ್ಲಿದ್ದಲು, ಬಣ್ಣ ಎಲ್ಲಕ್ಕೂ ಅಭಾವ ಉಂಟಾಯಿತು. ಕೊಲ್ಲಾಪುರದ ಶಾಹೂ ಮಹಾರಾಜರು ತಮ್ಮ ಸಂಸ್ಥಾನದ ಹಳೆಯ ತೋಪುಗಳನ್ನು ಕರಗಿಸಲು ಒದಗಿಸಿದರು, ಅವು ನೇಗಿಲುಗಳಾದವು.

1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾಯಿತು. ನೇಗಿಲಿನ ಜೊತೆಗೆ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ಕೈಪಂಪುಗಳು ಸೇರಿಕೊಂಡವು. 1926ರಲ್ಲಿ ಕೇಂದ್ರಾಪಗಾಮಿ ಪಂಪಿನ ತಯಾರಿಕೆ ಆರಂಭವಾಯಿತು. ಅದೇ ವರ್ಷ ಹಿರಿಯ ಮಗ ಶಂತನುರಾವ್ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಪದವಿ ಪಡೆದು, ಬಳಿಕ ಉದ್ಯಮವನ್ನು ಸೇರಿದರು.

ಕೊನೆಯ ದಿನಗಳು ಮತ್ತು ಸ್ಮರಣೆ

ಕನ್ನಡ ನಾಡಿಗೆ ಕಿರ್ಲೋಸ್ಕರ್ ಹೆಸರು ಕಾರ್ಖಾನೆಯ ರೂಪದಲ್ಲಿ ಮರಳಿ ಬಂದದ್ದು 1941ರಲ್ಲಿ, ಯಂತ್ರೋಪಕರಣಗಳನ್ನು ತಯಾರಿಸುವ ಮೈಸೂರು ಕಿರ್ಲೋಸ್ಕರ್ ಹರಿಹರದಲ್ಲಿ ಸ್ಥಾಪನೆಯಾದಾಗ. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಆರಂಭವಾದವು. ಆ ಹೊತ್ತಿಗೆ ಆಡಳಿತವು ಮುಂದಿನ ತಲೆಮಾರಿನ ಕೈಸೇರಿತ್ತು. ಲಕ್ಷ್ಮಣರಾವ್ 1956ರ ಸೆಪ್ಟೆಂಬರ್ 26ರಂದು ಪುಣೆಯಲ್ಲಿ ನಿಧನರಾದರು.

ಜನ್ಮಶತಮಾನೋತ್ಸವದ ದಿನವಾದ 1969ರ ಜೂನ್ 20ರಂದು ಭಾರತ ಸರ್ಕಾರವು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಕುಂಡಲ್ ರೋಡ್ ನಿಲ್ದಾಣಕ್ಕೆ ಈಗ ಕಿರ್ಲೋಸ್ಕರ್‌ವಾಡಿ ಎಂದೇ ಹೆಸರು. ಊರು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಸೇರಿದೆ.