ಮಂಗಳೂರಿನ ಯೆಹೂದ್ಯ ವರ್ತಕ ಬೆನ್ ಯಿಜು

ಮಳವಳ್ಳಿಯಾಚೆ ಕಾವೇರಿಯ ದಡದ ತಲಕಾಡನ್ನು ಸುಮಾರು 1116ರಲ್ಲಿ ಚೋಳರಿಂದ ಗೆದ್ದುಕೊಂಡು ಹೊಯ್ಸಳ ವಿಷ್ಣುವರ್ಧನನು ಮೆರೆಯುತ್ತಿದ್ದ ಕಾಲವದು. ತೊಣ್ಣೂರು, ಮೇಲುಕೋಟೆಗಳಲ್ಲಿ ರಾಮಾನುಜಾಚಾರ್ಯರ ಹೆಸರು ನೆಲೆಗೊಂಡದ್ದೂ ಆಗಲೇ. ಅದೇ ದಿನಗಳಲ್ಲಿ ಘಟ್ಟದ ಕೆಳಗೆ, ಆಳುಪ ಅರಸರ ಮಂಗಳೂರಿನಲ್ಲಿ, ಸಾವಿರಾರು ಹರದಾರಿ ದೂರದಿಂದ ಬಂದ ಯೆಹೂದ್ಯ ವರ್ತಕನೊಬ್ಬನು ಮನೆ ಮಾಡಿಕೊಂಡಿದ್ದನು. ಆತನೇ ಅಬ್ರಹಾಂ ಬೆನ್ ಯಿಜು. ಬಹುಕಾಲ ವಿದ್ವಾಂಸರಿಗೆ ಮಾತ್ರ ಗೊತ್ತಿದ್ದ ಈ ಹೆಸರು, ಅಮಿತಾವ ಘೋಷ್ ಅವರು 1992ರಲ್ಲಿ ಪ್ರಕಟಿಸಿದ ಗ್ರಂಥದಿಂದ ಲೋಕಪ್ರಸಿದ್ಧವಾಯಿತು. ರಾಜನಲ್ಲದ, ಮತಾಚಾರ್ಯನೂ ಅಲ್ಲದ ಒಬ್ಬ ಗೃಹಸ್ಥನು ಪರದೇಶದಲ್ಲಿ ತನ್ನ ಧರ್ಮಶಾಸ್ತ್ರವನ್ನು ದಿನನಿತ್ಯದ ಬಾಳಿಗೆ ಹೇಗೆ ಹೊಂದಿಸಿಕೊಂಡನೆಂಬುದಕ್ಕೆ ಆತನ ಜೀವನವು ಒಳ್ಳೆಯ ನಿದರ್ಶನ.

ಯೆಹೂದ್ಯರು ತಮ್ಮ ಧರ್ಮಶಾಸ್ತ್ರವನ್ನು ಹಲಾಖಾ ಎಂದು ಕರೆಯುತ್ತಾರೆ. ನಡೆಯುವುದು ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಮಾತಿದು. ನಡೆ ನುಡಿ ಎನ್ನುವಾಗ ನಾವು ನಡೆಗೆ ಕೊಡುವ ಅರ್ಥವನ್ನು ನೆನೆದರೆ ಇದರ ಭಾವವು ಸುಲಭವಾಗಿ ತಿಳಿದೀತು. ದೇವರ ಪ್ರಾರ್ಥನೆಯಷ್ಟೇ ಅಲ್ಲ, ಯಾವ ಮಾಂಸವನ್ನು ತಿನ್ನಬೇಕು, ಹಾಲನ್ನೂ ಮಾಂಸವನ್ನೂ ಹೇಗೆ ಬೇರೆಯಿಡಬೇಕು, ಶುಕ್ರವಾರ ಹೊತ್ತು ಮುಳುಗಿದ ಮೇಲೆ ಯಾವ ಕೆಲಸವನ್ನು ನಿಲ್ಲಿಸಬೇಕು, ತಮ್ಮವರಿಂದ ಬಡ್ಡಿ ತೆಗೆದುಕೊಳ್ಳದೆ ಪಾಲುದಾರಿಕೆಯನ್ನು ಹೇಗೆ ನಡೆಸಬೇಕು, ಮದುವೆಯ ದಿನ ಹೆಂಡತಿಗೆ ಎಷ್ಟು ಹಣಕ್ಕೆ ಪತ್ರ ಬರೆದುಕೊಡಬೇಕು ಎಂಬ ಎಲ್ಲವೂ ಈ ಶಾಸ್ತ್ರದೊಳಗೆ ಸೇರಿವೆ. ಸ್ವಂತ ನಾಡಿನಲ್ಲಿ ಇದನ್ನು ಪಾಲಿಸಲು ಗುರುಗಳೂ ನ್ಯಾಯಸಭೆಯೂ ನೆರೆಹೊರೆಯೂ ಒತ್ತಾಸೆಯಾಗುತ್ತವೆ. ಹಡಗು ಹತ್ತಿ ಬಂದವನಿಗೆ ಆ ಆಸರೆ ಎಲ್ಲಿಯದು?

ಬೆನ್ ಯಿಜುವಿನ ಹುಟ್ಟೂರು ಇಂದಿನ ಟ್ಯುನೀಷಿಯಾದ ಕಡಲತೀರದ ಮಹ್ದಿಯಾ. ತಂದೆಯ ಹೆಸರು ಪೆರಾಹ್ಯಾ. ಯೂಸುಫ್, ಮುಬಷ್ಷಿರ್ ಎಂಬ ಸಹೋದರರೂ ಬೆರಾಖಾ ಎಂಬ ಸಹೋದರಿಯೂ ಇದ್ದರು. ಆತನು ಶಾಸ್ತ್ರವನ್ನು ಓದಿದವನು, ಅಕ್ಷರವು ಅಂದವಾದುದು, ಕವಿತೆ ಕಟ್ಟಬಲ್ಲವನು, ಧರ್ಮಸೂಕ್ಷ್ಮಗಳನ್ನು ಕುರಿತು ಬರೆಯಬಲ್ಲವನು. ವ್ಯಾಪಾರದ ಹಂಬಲದಿಂದ ಏಡನ್ ಬಂದರಿಗೆ ಬಂದಾಗ, ಅಲ್ಲಿಯ ವರ್ತಕರ ಮುಖಂಡನಾಗಿದ್ದ ಮದ್ಮುನ್ ಬಿನ್ ಹಸನನ ಆಶ್ರಯವು ದೊರೆಯಿತು. ಅಲ್ಲಿಂದ ಕಡಲು ದಾಟಿ 1132ಕ್ಕೆ ಮೊದಲೇ ನಮ್ಮ ಕರಾವಳಿಗೆ ಬಂದನು. ಮುಂದಿನ ಸುಮಾರು 17 ವರ್ಷಗಳನ್ನು ಹೆಚ್ಚಾಗಿ ಮಂಗಳೂರಿನಲ್ಲಿಯೇ ಕಳೆದನು.

ಇಲ್ಲಿಂದ ಅವನು ಕಬ್ಬಿಣ, ಮೆಣಸು, ಏಲಕ್ಕಿ, ಶುಂಠಿ, ಅಡಕೆಗಳನ್ನು ಏಡನಿಗೆ ಕಳುಹಿಸುತ್ತಿದ್ದನು. ಅವನಿಗೆ ಒಂದು ಕಂಚಿನ ಕಾರ್ಖಾನೆಯೂ ಇದ್ದಿತು. ಏಡನಿನ ಗೆಳೆಯರು ಒಡೆದ ಹಳೆಯ ಪಾತ್ರೆಗಳನ್ನು ಕಳುಹಿಸಿ, ತಮಗೆ ಬೇಕಾದ ತಟ್ಟೆ, ಗಿಂಡಿ, ದೀಪದ ಕಂಬಗಳ ಅಳತೆಯನ್ನು ಬರೆಯುತ್ತಿದ್ದರು. ನಮ್ಮ ಕಂಚುಗಾರರು ಅವನ್ನು ಕರಗಿಸಿ ಹೊಸ ಪಾತ್ರೆ ಮಾಡಿಕೊಡುತ್ತಿದ್ದರು. ನಾಗಮಂಗಲದ ಲೋಹದ ಕೆಲಸವನ್ನು ಕಂಡವರಿಗೆ ಇದು ಹೊಸದಾಗಿ ತೋರಲಾರದು. ಬದಲಿಗೆ ಏಡನಿನಿಂದ ಉಡುಗೊರೆಯಾಗಿ ಕಾಗದ, ಒಣದ್ರಾಕ್ಷಿ, ಸಕ್ಕರೆ ಬರುತ್ತಿದ್ದವು. 1933ರಿಂದ ಸಕ್ಕರೆ ಕಾರ್ಖಾನೆಗೆ ಹೆಸರಾದ ನಮ್ಮ ಮಂಡ್ಯದವರು, ಒಂದು ಕಾಲದಲ್ಲಿ ಮಂಗಳೂರಿನ ಮನೆಗೆ ಏಡನಿನಿಂದ ಸಕ್ಕರೆ ಬರುತ್ತಿತ್ತೆಂದು ಕೇಳಿ ನಕ್ಕಾರು.

ಆತನ ಮನೆಯಲ್ಲಿ ಆಶು ಎಂಬ ದಾಸಿಯಿದ್ದಳು. ಲೆಕ್ಕದ ಕಾಗದಗಳಲ್ಲಿ ನಾಯರ್ ಎಂಬ ಭಾವಮೈದುನನ ಹೆಸರು ಬರುವುದರಿಂದ, ಆಕೆ ನಾಯರ್ ಕುಲದವಳಿರಬೇಕೆಂದು ಊಹಿಸಿದ್ದಾರೆ. 1132ರ ಅಕ್ಟೋಬರ್ 17ರಂದು ಬೆನ್ ಯಿಜು ಮಂಗಳೂರಿನಲ್ಲಿ ಆಕೆಗೆ ಬಿಡುಗಡೆಯ ಪತ್ರವನ್ನು ಮಾಡಿಕೊಟ್ಟನು. ಆಕೆಗೆ ಬೆರಾಖಾ ಎಂಬ ಹೊಸ ಹೆಸರಾಯಿತು. ಆ ಮಾತಿಗೆ ಆಶೀರ್ವಾದವೆಂದು ಅರ್ಥ. ಊರಿನಲ್ಲಿ ಬಿಟ್ಟುಬಂದ ಸಹೋದರಿಯ ಹೆಸರೂ ಅದೇ.

ದಾಸಿಯನ್ನು ಮನೆಯಲ್ಲಿ ಇಟ್ಟುಕೊಂಡಿದ್ದರೆ ಆ ಕಾಲದಲ್ಲಿ ಕೇಳುವವರು ಯಾರಿದ್ದರು? ಪತ್ರವೇಕೆ ಬೇಕಾಯಿತು? ಇದಕ್ಕೆ ಉತ್ತರವು ಶಾಸ್ತ್ರದಲ್ಲಿದೆ. ಯೆಹೂದ್ಯರಲ್ಲಿ ಮಗುವಿನ ಸ್ಥಾನವನ್ನು ನಿಶ್ಚಯಿಸುವುದು ತಾಯಿಯ ಸ್ಥಾನ. ತಾಯಿ ದಾಸಿಯಾದರೆ, ತಂದೆ ಎಷ್ಟು ಶ್ರೀಮಂತನಾಗಿದ್ದರೂ ಮಗುವು ದಾಸ್ಯದಲ್ಲಿಯೇ ಹುಟ್ಟಿದಂತೆ. ಶಾಸ್ತ್ರೋಕ್ತವಾಗಿ ಬಿಡುಗಡೆ ಹೊಂದಿದವಳಾದರೋ ಸಮಾಜದ ಪೂರ್ಣ ಸದಸ್ಯಳಾಗುತ್ತಾಳೆ. ಆಕೆಯ ಮಕ್ಕಳು ಯೆಹೂದ್ಯರೇ ಆಗುತ್ತಾರೆ. ಒಂದು ಹಾಳೆ ಕಾಗದದ ಮೇಲೆ ಹುಟ್ಟಲಿರುವ ಮಕ್ಕಳ ಬಾಳು ನಿಂತಿತ್ತು. ಮನುಷ್ಯನನ್ನು ಮನುಷ್ಯನು ಕೊಂಡು ಮಾರುವುದನ್ನು ಒಪ್ಪಿಕೊಂಡಿದ್ದ ಶಾಸ್ತ್ರವೇ ಇದು ಎಂಬುದನ್ನು ನಾವು ಮರೆಮಾಡಬೇಕಾಗಿಲ್ಲ. ಅಂದಿನ ಲೋಕದ ಬಹುಭಾಗವೇ ಹಾಗಿತ್ತು. ಆದರೆ ಹೊರಬರುವ ಬಾಗಿಲನ್ನೂ ಅದು ತೆರೆದಿಟ್ಟಿತ್ತು. ಬೆನ್ ಯಿಜು ಆ ಬಾಗಿಲನ್ನು ಬಳಸಿದನು.

ಅವನ ವ್ಯಾಪಾರವನ್ನು ನೋಡಿಕೊಳ್ಳುತ್ತಿದ್ದ ದಾಸನೊಬ್ಬನ ಹೆಸರು ಬೊಮ್ಮ ಎಂದು ಘೋಷ್ ಅವರು ಮಂಗಳೂರಿನ ಪ್ರೊ. ಬಿ. ಎ. ವಿವೇಕ ರೈ ಅವರ ನೆರವಿನಿಂದ ಗುರುತಿಸಿದರು. ಒಡೆಯನ ಸರಕಿನೊಂದಿಗೆ ಏಡನಿಗೆ ಹೋದ ಈ ಬೊಮ್ಮನು ಒಮ್ಮೆ ಕುಡಿದು ಗಲಾಟೆ ಮಾಡಿ, ಹೆಚ್ಚು ಹಣ ಕೊಡೆಂದು ಮದ್ಮುನನನ್ನು ಪೀಡಿಸಿದನಂತೆ. ಆದರೂ ನಂಬಿಕೆಯು ಕಡಿಯಲಿಲ್ಲ. ವರ್ಷಗಳು ಕಳೆದ ಮೇಲೆ ಏಡನಿನ ವರ್ತಕರು ತಮ್ಮ ಕಾಗದಗಳಲ್ಲಿ ಬೊಮ್ಮನಿಗೂ ಗೌರವದಿಂದ ವಂದನೆ ತಿಳಿಸುತ್ತಿದ್ದರು.

1148ರಲ್ಲಿ ಸಿಸಿಲಿಯ ಅರಸ ಎರಡನೆಯ ರೋಜರನ ಸೈನ್ಯವು ಮಹ್ದಿಯಾವನ್ನು ಹಿಡಿಯಿತು. ಬೆನ್ ಯಿಜುವಿನ ಬಂಧುಗಳು ದಿಕ್ಕುಗೆಟ್ಟು ಸಿಸಿಲಿಯನ್ನು ಸೇರಿದರು. 1149ರಲ್ಲಿ ಆತನು ಇಬ್ಬರು ಮಕ್ಕಳೊಡನೆ ಏಡನಿಗೆ ಮರಳಿದನು. ಮಗನ ಹೆಸರು ಸುರೂರ್, ಮಗಳು ಸಿತ್ತ್ ಅಲ್ ದಾರ್. ಸಹೋದರರಿಗೆ ಕಾಗದ ಬರೆದು, ತನ್ನ ಸಂಪತ್ತನ್ನು ಹಂಚಿಕೊಳ್ಳೋಣವೆಂದೂ, ಮಗಳನ್ನು ಸಹೋದರನ ಮಗನಿಗೇ ಕೊಡುವೆನೆಂದೂ ತಿಳಿಸಿದನು. ಅದಕ್ಕೆ ಬಂದ ಪ್ರತಿಫಲ ಕಹಿಯಾದುದು. ಮುಬಷ್ಷಿರನು ಬಂದು ಅಣ್ಣನ ಸರಕನ್ನು ವಂಚಿಸಿದನು. ಯೆಮೆನಿನಲ್ಲಿ ಮಗ ಸುರೂರನು ತೀರಿಕೊಂಡನು. ಉಳಿದವಳು ಮಗಳೊಬ್ಬಳೇ.

ಏಡನಿನ ಸಿರಿವಂತ ಮನೆತನವೊಂದು ಆಕೆಯನ್ನು ಸೊಸೆಯಾಗಿ ಕೇಳಿತು. ಮೂರು ವರ್ಷ ಆಕೆ ಅವರ ಮನೆಯಲ್ಲಿಯೇ ಇದ್ದಳು. ತಂದೆ ಮಾತ್ರ ತನ್ನ ಮಾತಿಗೆ ಅಂಟಿಕೊಂಡನು. ಮಗಳನ್ನು ಕರೆದುಕೊಂಡು ಈಜಿಪ್ಟಿಗೆ ಹೊರಟನು. 1156ರಲ್ಲಿ ಫುಸ್ತಾತ್ ನಗರದಲ್ಲಿ, ಯೂಸುಫನ ಮಗನಾದ ಇನ್ನೊಬ್ಬ ಸುರೂರನೊಡನೆ ಆಕೆಯ ಮದುವೆಯಾಯಿತು. ಅಣ್ಣತಮ್ಮಂದಿರ ಮಕ್ಕಳನ್ನು ಒಡಹುಟ್ಟಿದವರೆಂದೇ ತಿಳಿಯುವ ನಮಗೆ ಈ ಸಂಬಂಧವು ವಿಚಿತ್ರವೆನಿಸಬಹುದು. ಅವರ ಶಾಸ್ತ್ರಕ್ಕೆ ಅದು ಸಮ್ಮತ. ನಮ್ಮ ಕಡೆ ಬಳಕೆಯಲ್ಲಿರುವ, ಸೋದರಮಾವನು ಅಕ್ಕನ ಮಗಳನ್ನು ವರಿಸುವ ಪದ್ಧತಿಯೂ ಅವರಿಗೆ ಸಮ್ಮತವೇ. ಶಾಸ್ತ್ರಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದು ಕುತೂಹಲದ ವಿಷಯ. ಅದೇನಿದ್ದರೂ, ಮಂಗಳೂರಿನ ಆಶುವಿನ ಮಗಳು ಬಂಧುಗಳ ನಡುವೆ ಮನೆಯೊಡತಿಯಾಗಿ ಸ್ವೀಕೃತಳಾದಳು. 24 ವರ್ಷಗಳ ಹಿಂದೆ ಬರೆದ ಪತ್ರವು ಹೀಗೆ ಫಲಕೊಟ್ಟಿತು.

ಈ ಮದುವೆಯಾದ ಸುಮಾರು ಹತ್ತು ವರ್ಷಗಳ ಮೇಲೆ ಅದೇ ಫುಸ್ತಾತಿಗೆ ಮೈಮೊನಿಡೀಸ್ ಬಂದು ನೆಲೆಸಿದನು. ಯೆಹೂದ್ಯರ ಶಾಸ್ತ್ರವನ್ನೆಲ್ಲ 14 ಭಾಗಗಳಲ್ಲಿ ಕ್ರೋಡೀಕರಿಸಿದ ಮಹಾಪಂಡಿತನವನು. ಅವನ ತಮ್ಮ ದಾವೀದನು ವ್ಯಾಪಾರಕ್ಕೆಂದು ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತನು. ಒಬ್ಬ ಯುವಕನು ದಾಸಿಯೊಬ್ಬಳನ್ನು ಕೊಂಡು ಮನೆಯಲ್ಲಿಟ್ಟುಕೊಂಡಿದ್ದ ವಿಷಯವು ಮೈಮೊನಿಡೀಸನ ಮುಂದೆ ಬಂದಿತು. ಅಂಥವನು ಆಕೆಯನ್ನು ಬಿಡುಗಡೆ ಮಾಡಿದರೂ ವರಿಸಬಾರದೆಂಬುದು ಶಾಸ್ತ್ರದ ಕಟ್ಟುನಿಟ್ಟಿನ ವಿಧಿ. ಆದರೂ ಬಿಡುಗಡೆ ಮಾಡಿ ಮದುವೆಯಾಗುವುದೇ ಲೇಸೆಂದು ಆತನು ತೀರ್ಪಿತ್ತನು. ದೊಡ್ಡ ತಪ್ಪಿನಲ್ಲಿ ಬಿದ್ದಿರುವುದಕ್ಕಿಂತ ಚಿಕ್ಕ ತಪ್ಪಿನ ಮೂಲಕ ಹೊರಬರುವುದು ಮೇಲೆಂದು ಅವನ ಅಭಿಪ್ರಾಯ. ಶಾಸ್ತ್ರವನ್ನು ಬಲ್ಲವನಿಗೇ ಅದನ್ನು ಬಾಗಿಸುವ ಧೈರ್ಯ ಬರುತ್ತದೆ.

ಬೆನ್ ಯಿಜುವಿನ ಕಾಗದಗಳು ಉಳಿದು ಬಂದುದಕ್ಕೂ ಒಂದು ಧರ್ಮನಿಯಮವೇ ಕಾರಣ. ದೇವರ ನಾಮವಿರುವ ಬರಹವನ್ನು ಸುಡಬಾರದು, ಕಸಕ್ಕೆ ಎಸೆಯಬಾರದು ಎಂದು ಯೆಹೂದ್ಯರು ಹಳೆಯ ಕಾಗದಗಳನ್ನು ಪ್ರಾರ್ಥನಾಮಂದಿರದ ಕೋಣೆಯೊಂದರಲ್ಲಿ ಇಡುತ್ತಿದ್ದರು. ಫುಸ್ತಾತಿನ ಬೆನ್ ಎಜ್ರಾ ಮಂದಿರದ ಅಂಥ ಕೋಣೆಯಿಂದ ಸುಮಾರು 1,90,000 ತುಣುಕುಗಳು 1897ರಲ್ಲಿ ಶೆಖ್ಟರ್ ಎಂಬ ಪಂಡಿತನ ಮೂಲಕ ಕೇಂಬ್ರಿಜ್ ಸೇರಿದವು. ಗೊಯ್ಟೈನ್ ಅವರು ದಶಕಗಳ ಕಾಲ ಅವನ್ನೋದಿ, ಭಾರತದ ವ್ಯಾಪಾರಕ್ಕೆ ಸೇರಿದವನ್ನು ಹೆಕ್ಕಿದರು. ಅವರು 1985ರಲ್ಲಿ ತೀರಿಕೊಂಡ ಮೇಲೆ ಫ್ರೀಡ್‌ಮನ್ ಅವರು ಕೆಲಸವನ್ನು ಮುಂದುವರಿಸಿ 2008ರಲ್ಲಿ ಗ್ರಂಥವಾಗಿ ಹೊರತಂದರು.

ಇಷ್ಟು ಕಾಗದಗಳಲ್ಲಿ ಮೆಣಸಿನ ತೂಕವಿದೆ, ತಟ್ಟೆಯ ಅಳತೆಯಿದೆ, ಬೊಮ್ಮನ ಸಂಬಳವೂ ಇದೆ. 1149ರಲ್ಲಿ ಸಹೋದರರಿಗೆ ಬರೆದ ಕಾಗದದಲ್ಲಿ ಮಗಳ ಮಾತಿದೆ, ಆಕೆಯನ್ನು ಹೆತ್ತ ತಾಯಿಯ ಮಾತಿಲ್ಲ. ಶಾಸ್ತ್ರವನ್ನು ನಡೆಸಿದವನೆಂದು ಬೆನ್ ಯಿಜುವನ್ನು ಮೆಚ್ಚುವಾಗ ಈ ಮೌನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಶಾಸ್ತ್ರವು ಆಶುವಿಗೆ ಸ್ವಾತಂತ್ರ್ಯವನ್ನು ಕೊಡಿಸಿತು, ಆಕೆಯ ಮಗಳಿಗೆ ಕುಲವನ್ನು ಕೊಟ್ಟಿತು. ಸಂಗಡ ಕರೆದೊಯ್ಯುವುದು, ಕಾಗದದಲ್ಲಿ ಒಂದು ಸಾಲು ನೆನೆಯುವುದು ಯಾವ ವಿಧಿಗೂ ಸೇರಿದುದಲ್ಲ. ಅದು ಮನುಷ್ಯನ ಮನಸ್ಸಿಗೆ ಬಿಟ್ಟದ್ದು. ಆಕೆಯ ಹೆಸರು ಇಂದಿಗೂ ಉಳಿದಿರುವುದು ಆ ಬಿಡುಗಡೆಯ ಪತ್ರದಲ್ಲಿ.